ಹಾಲೆಂಡಿಗೆ ಹೋದ ಏಳು ತಿಂಗಳ ಕೂಸು

ಕೊಟ್ಟೂರು

ನಾನು ಏಳು ತಿಂಗಳಿಗೇ ಹುಟ್ಟಿ ಬದುಕಿದವಳು ಎಂಬುದು ನಮ್ಮ ಮನೆಯ ದೊಡ್ಡ ಹೆಮ್ಮೆಯ ಕಥೆ. ಆಮೇಲೆ ನಾನು ಡಾಕ್ಟರಾಗಿದ್ದು, ಬಳ್ಳಾರಿಯ ಮೆಡಿಕಲ್ ಕಾಲೇಜಿನಲ್ಲಿ ಕೆಲಸಕ್ಕೆ ಸೇರಿದ್ದು ಇವೆಲ್ಲ ಅವ್ವನ ಕಣ್ಣಿಗೆ ಅದರ ಮುಂದೆ ಏನೂ ಅಲ್ಲ. ಮನೆಗೆ ಯಾರೇ ಬರಲಿ, ಅವರು ಚಹಾ ಕುಡಿದು ಲೋಟ ಕೆಳಗಿಡುವುದರೊಳಗೆ ಅವಳು ಶುರು ಹಚ್ಚುತ್ತಿದ್ದಳು.

“ಏಳು ತಿಂಗಳ ಕೂಸು ನೋಡ್ರಿ ಇಕಿ. ಅಂಗೈಯಾಗ ಹಿಡಿಸ್ತಿದ್ಲು. ಮೊರದಾಗ ಅರಳಿ ಹಾಸಿ ಮಲಗಿಸಿದ್ವಿ, ಬತ್ತಿ ಅದ್ದಿ ಬಾಯಾಗ ಹಾಲು ಹಿಂಡಿದ್ವಿ. ಈಗ ನೋಡ್ರಿ, ಬಾಗಲದಾಗ ಹಿಡಿಸಂಗಿಲ್ಲ!”

ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ ನಗುತ್ತಿದ್ದರು. ನಾನು ದಪ್ಪಗಿದ್ದೇನೆ ಎಂಬುದನ್ನು ಇಷ್ಟು ಗೌರವದಿಂದ ಹೇಳುವ ಕಥೆ ಇನ್ನೊಂದಿಲ್ಲದ ಕಾರಣ ನಾನೂ ಸುಮ್ಮನಿರುತ್ತಿದ್ದೆ.

ತಿಂಗಳು ತುಂಬುವ ಮೊದಲೇ ಹುಟ್ಟುವ ಕೂಸುಗಳ ಬಗ್ಗೆ ನಾನು ಸಂಶೋಧನೆಗೆ ಇಳಿದದ್ದು ಈ ಕಥೆಯಿಂದಲೇ. ನಾಲ್ಕು ವರ್ಷ ಒಂದು ಹಳೆಯ ಜೀಪಿನಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಊರುಗಳನ್ನು ಸುತ್ತಿದೆ. ಹಡಗಲಿಯಲ್ಲಿ ಮಲ್ಲಿಗೆ ಮೊಗ್ಗು ಕಟ್ಟುವ ಹೆಂಗಸರ ಜೊತೆ ಕೂತು, ಕೂಸು ಎಷ್ಟು ತಿಂಗಳಿಗೆ ಹುಟ್ಟಿತು, ಹೇಗೆ ಜೋಪಾನ ಮಾಡಿದಿರಿ, ಉಳಿಯಿತೇ ಎಂದು ಕೇಳಿದೆ. ನಾನು ಹೋಗಲಾಗದ ಊರುಗಳಲ್ಲಿ ಅಲ್ಲಲ್ಲಿನ ನರ್ಸುಗಳು ಕೇಳಿ ಬರೆದುಕೊಟ್ಟರು. ಅವರಲ್ಲಿ ಹೊಸಹಳ್ಳಿಯ ನಿಂಗಮ್ಮನೇ ಎಲ್ಲರಿಗಿಂತ ಚುರುಕು. ಅವಳ ಪಟ್ಟಿಯಲ್ಲಿ ಒಂದು ಹೆರಿಗೆಯೂ ತಪ್ಪುತ್ತಿರಲಿಲ್ಲ.

ಪಟ್ಟಿಗಳನ್ನೆಲ್ಲ ಕೂಡಿಸಿದಾಗ ನನಗೆ ಬೇಕಾದದ್ದೇ ಸಿಕ್ಕಿತು. ನಮ್ಮ ಕಡೆ ಏಳು ತಿಂಗಳಿಗೆ ಹುಟ್ಟಿದ ಕೂಸುಗಳು ಮನೆಯಲ್ಲೇ, ಅರಳೆಯ ಬಿಸುಪಿನಲ್ಲಿ, ತಾಯಿಯ ಎದೆಗಂಟಿಕೊಂಡು, ಯಾರೂ ನಂಬಲಾರದಷ್ಟು ಚೆನ್ನಾಗಿ ಉಳಿಯುತ್ತಿದ್ದವು. ಅವನ್ನು ದೂರದ ದವಾಖಾನೆಗೆ ಹೊತ್ತೊಯ್ಯುವ ಬದಲು ಮನೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು ಎಂದು ನನ್ನ ಪ್ರಬಂಧದ ಕೊನೆಯಲ್ಲಿ ಬರೆದೆ. ಎಂಬತ್ತರ ದಶಕದ ನಡುವೆ, ಹಾಲೆಂಡಿನ ಉಟ್ರೆಕ್ಟ್ ಎಂಬ ಊರಿನಲ್ಲಿ ನಡೆಯುವ ವೈದ್ಯರ ಸಭೆಯಲ್ಲಿ ಅದನ್ನು ಓದಬೇಕೆಂದು ಕರೆ ಬಂತು. ಕೊಟ್ಟೂರಿನ ಡ್ರಾಯಿಂಗ್ ಮಾಸ್ತರರು ದೊಡ್ಡ ಹಾಳೆಯ ಮೇಲೆ, ಎಷ್ಟನೇ ತಿಂಗಳಿಗೆ ಎಷ್ಟು ಕೂಸು ಹುಟ್ಟಿದವು ಎಂದು ತಿಂಗಳಿಗೊಂದು ಬಣ್ಣದ ಕಂಬ ನಿಲ್ಲಿಸಿ, ಚಿತ್ರ ಬರೆದುಕೊಟ್ಟರು. ಅದನ್ನು ಸುತ್ತಿ ತಗಡಿನ ಕೊಳವೆಯಲ್ಲಿಟ್ಟುಕೊಂಡು ಹೊರಟೆ.

ಆಮ್‌ಸ್ಟರ್‌ಡ್ಯಾಂ

ವಿಮಾನ ಇಳಿದ ಮೇಲೆ ಸುಂಕದವರು ತಡೆದದ್ದು ಕೊಳವೆಯನ್ನಲ್ಲ, ರೊಟ್ಟಿಯನ್ನು. ಅವ್ವ ಖಡಕ್ ರೊಟ್ಟಿಯ ಅಡಕಲನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ನಡುವೆ ಶೇಂಗಾ ಚಟ್ನಿಪುಡಿಯ ಡಬ್ಬಿ ಇಟ್ಟಿದ್ದಳು. ಆರಡಿ ಎತ್ತರದ ಅಧಿಕಾರಿ ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದ, ಬೆರಳಿನಿಂದ ತಟ್ಟಿದ. ಟಣಟಣ ಅಂದಿತು.

“ಇದು ತಟ್ಟೆಯೋ?” ಎಂದು ಕೇಳಿದ.

“ಊಟ,” ಎಂದೆ.

ಅವನು ನಂಬಲಿಲ್ಲ. ನಾನು ಒಂದು ತುಂಡು ಮುರಿದು ಅವನೆದುರೇ ಅಗಿದೆ. ಆ ಸದ್ದಿಗೆ ಪಕ್ಕದ ಸಾಲಿನವರೂ ತಿರುಗಿದರು. ಅವನೂ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, ಮಾತಾಡಲಾಗದೆ ಕೈಸನ್ನೆಯಲ್ಲೇ ಹೋಗು ಎಂದ. ಪರದೇಶದಲ್ಲಿ ನನ್ನ ಮೊದಲ ಗೆಲುವು ಅದು. ಕೊನೆಯದೂ ಅದೇ ಎಂದು ಆಗ ತಿಳಿದಿರಲಿಲ್ಲ.

ಉಟ್ರೆಕ್ಟ್, ಗ್ರೀಟ್ ಅವರ ಮನೆ

ಸಭೆಗೆ ಬಂದವರನ್ನು ಊರಿನವರ ಮನೆಗಳಲ್ಲಿ ಉಳಿಸಿದ್ದರು. ನನಗೆ ಸಿಕ್ಕವರು ಗ್ರೀಟ್. ಅರವತ್ತು ದಾಟಿದ, ಕಡ್ಡಿಯಂಥ ಹೆಂಗಸು, ಒಂಟಿ ಜೀವ. ಮೂವತ್ತು ವರ್ಷ ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ಹೆರಿಗೆ ಮಾಡಿಸಿದವರು. ಆ ದೇಶದಲ್ಲಿ ತುಂಬ ಜನ ಮನೆಯಲ್ಲೇ ಹೆರುತ್ತಾರೆಂದು ಅವರು ಹೇಳಿದಾಗ, ಸೂಲಗಿತ್ತಿಯರು ನಮ್ಮಲ್ಲಿ ಮಾತ್ರ ಇದ್ದಾರೆಂದುಕೊಂಡಿದ್ದ ನನಗೆ ಸ್ವಲ್ಪ ನಾಚಿಕೆಯಾಯಿತು.

ಆ ಜನರ ಕಿಟಕಿಗಳಿಗೆ ಪರದೆ ಇರುತ್ತದೆ, ಆದರೆ ಎಳೆಯುವುದಿಲ್ಲ. ಬೀದಿಯಲ್ಲಿ ನಡೆದರೆ ಯಾರು ಓದುತ್ತಿದ್ದಾರೆ, ಯಾರು ಮುನಿಸಿಕೊಂಡು ಕೂತಿದ್ದಾರೆ ಎಲ್ಲ ಕಾಣುತ್ತದೆ. ನಾನು ನಿಂತು ನೋಡುತ್ತಿದ್ದರೆ ಗ್ರೀಟ್ ಮೊಳಕೈ ಹಿಡಿದು ಎಳೆಯುತ್ತಿದ್ದರು. ತೆರೆದಿಡುವುದು ರೂಢಿ, ನೋಡುವುದು ಒರಟುತನವಂತೆ. ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿಬಿಡುತ್ತಾರೆ. ‘ಇನ್ನೊಂದು ತಗೋರಿ, ನಾಚಬ್ಯಾಡ್ರಿ’ ಎಂಬ ಮಾತಿಗೆ ಕಾದು ಕಾದು ಮೊದಲ ದಿನ ನಾನು ಅರೆಹೊಟ್ಟೆಯಲ್ಲೇ ಉಳಿದೆ. ಅವ್ವನ ರೊಟ್ಟಿ ಕಾಪಾಡಿತು.

ಎಲ್ಲಕ್ಕಿಂತ ವಿಚಿತ್ರವೆನಿಸಿದ್ದು ಪಾಯಖಾನೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರು. ಅದರಲ್ಲಿ ವಾರಗಳಿಲ್ಲ, ತಾರೀಖುಗಳು ಮಾತ್ರ. ಪ್ರತಿ ತಾರೀಖಿನ ಮುಂದೆ ಅಂದು ಹುಟ್ಟಿದ ನೆಂಟರಿಷ್ಟರ ಹೆಸರು, ಹುಟ್ಟಿದ ವರ್ಷ. ಮನೆಮನೆಯಲ್ಲೂ ಅದು ಅದೇ ಜಾಗದಲ್ಲಿರುತ್ತದಂತೆ. ದಿನಾ ಕಣ್ಣಿಗೆ ಬೀಳುವ ಜಾಗ ಬೇರೆ ಯಾವುದು ಎಂದು ಗ್ರೀಟ್ ಕೇಳಿದರು. ಒಪ್ಪಿಕೊಳ್ಳಬೇಕಾಯಿತು. ಯಾರದಾದರೂ ಹುಟ್ಟಿದ ದಿನ ಬಂದರೆ ಅವರಿಗೆ ಮಾತ್ರವಲ್ಲ, ಅವರ ಅಪ್ಪ ಅವ್ವ ಅಕ್ಕ ತಂಗಿ ಎಲ್ಲರಿಗೂ ಕೈಕುಲುಕಿ ಅಭಿನಂದನೆ ಹೇಳುವುದು ಪದ್ಧತಿ.

“ನಿನ್ನದು ಯಾವಾಗ?” ಎಂದು ಪೆನ್ಸಿಲ್ ಹಿಡಿದು ಕೇಳಿದರು.

“ಜೂನ್ ಒಂದು,” ಎಂದೆ. ಅದು ನನ್ನನ್ನು ಸಾಲೆಗೆ ಸೇರಿಸಿಕೊಂಡ ಹೆಡ್‌ಮಾಸ್ತರರು ಕೊಟ್ಟ ತಾರೀಖು. ನಮ್ಮ ತರಗತಿಯ ಅರ್ಧ ಮಕ್ಕಳು ಅಂದೇ ಹುಟ್ಟಿದ್ದರು. ಗ್ರೀಟ್ ಅದನ್ನು ನಂಬಿ ಚೆಂದಾಗಿ ಬರೆದುಕೊಂಡರು.

ಭಾನುವಾರ ಅವರಿಗೆ ತೋರಿಸೋಣವೆಂದು ಚಿತ್ರದ ಹಾಳೆಯನ್ನು ಊಟದ ಮೇಜಿನ ಮೇಲೆ ಬಿಚ್ಚಿದೆ. ನಾಲ್ಕು ಮೂಲೆಗೂ ಬಟ್ಟಲು ಇಟ್ಟು, ಕನ್ನಡಕ ಹಾಕಿಕೊಂಡು ಅವರು ಬಗ್ಗಿ ನೋಡಿದರು. ಏಳರ ಕಂಬ ಎತ್ತರ, ಒಂಬತ್ತರದು ಇನ್ನೂ ಎತ್ತರ. ನಡುವಿನ ಎಂಟರ ಜಾಗದಲ್ಲಿ ಗೆರೆಯಷ್ಟೇ ಇತ್ತು.

“ಎಂಟನೇ ತಿಂಗಳಲ್ಲಿ ನಿಮ್ಮ ಕಡೆಯ ಕೂಸುಗಳಿಗೆ ರಜೆಯೇ?” ಎಂದರು.

ನಾನು ನಕ್ಕು ವಿವರಿಸಹೊರಟೆ. ನಮ್ಮ ಕಡೆ ಒಂದು ನಂಬಿಕೆ ಇದೆ, ಏಳರಲ್ಲಿ ಹುಟ್ಟಿದ್ದು ಬದುಕುತ್ತದೆ, ಎಂಟರಲ್ಲಿ ಹುಟ್ಟಿದ್ದು ಬದುಕುವುದಿಲ್ಲ, ಅದಕ್ಕೇ ಯಾರೂ ಎಂಟು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಏಳು ಎಂದೇ... ಅಷ್ಟಕ್ಕೆ ನನ್ನ ಮಾತು ನಿಂತುಹೋಯಿತು.

ಗ್ರೀಟ್ ಏಳರ ಕಂಬದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಕಳೆದಷ್ಟೂ ಕೂಸಿಗೆ ಬಲ ಎಂಬುದು ಡಾಕ್ಟರಾದ ನನಗೆ ಗೊತ್ತಿಲ್ಲದ್ದಲ್ಲ. ಏಳರದಕ್ಕಿಂತ ಎಂಟರದು ಹೆಚ್ಚು ಬದುಕಬೇಕು. ಹಾಗಾದರೆ ನನ್ನ ಪಟ್ಟಿಯಲ್ಲಿ ಬದುಕುಳಿದ ಏಳರ ಕೂಸುಗಳಲ್ಲಿ ಬಹಳಷ್ಟು ನಿಜವಾಗಿ ಎಂಟರವು. ನಿಂಗಮ್ಮ ಒಮ್ಮೆ ಜೀಪಿನ ಬಾಗಿಲು ಹಿಡಿದು ಹೇಳಿದ್ದಳು: “ಎಂಟು ಅಂತ ಬರಿಯಾಕ ಮನಿಯವ್ರು ಒಪ್ಪಂಗಿಲ್ರಿ ಅಮ್ಮಾರ.” ನಾನು ನಕ್ಕು, ಅವರು ಹೇಳಿದ್ದನ್ನೇ ಬರೆದುಕೋ ಎಂದಿದ್ದೆ. ಆ ಕಂಬ ಮೋಟಾಗಿದ್ದದ್ದು ನನ್ನ ಕಣ್ಣಿಗೂ ಬಿದ್ದಿತ್ತು. ಆದರೆ ಏಳು ತಿಂಗಳ ಕೂಸು ಬದುಕುತ್ತದೆ ಎಂಬುದಕ್ಕೆ ನಾನೇ ಸಾಕ್ಷಿಯಾಗಿರುವಾಗ ನನಗೆ ಅನುಮಾನ ಯಾಕೆ ಬರಬೇಕು?

ಬಾಣಂತಿಯ ಮನೆ

ಮರುದಿನ ಗ್ರೀಟ್ ನನ್ನನ್ನು ಒಬ್ಬ ಬಾಣಂತಿಯ ಮನೆಗೆ ಕರೆದೊಯ್ದರು. ಸೈಕಲ್ಲಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೋಗುವ ಅವರ ಹುಮ್ಮಸ್ಸು ಮೊದಲ ತಿರುವಿನಲ್ಲೇ ಮುಗಿಯಿತು. ಸೀರೆಯ ಸೆರಗು ಚಕ್ರಕ್ಕೆ ಸಿಕ್ಕು ಇಬ್ಬರೂ ಒಂದು ಬೇಲಿಗೆ ಒರಗಿದೆವು. ಸೆರಗಿನ ಅಂಚು ಹರಿಯಿತು. ಉಳಿದ ದಾರಿ ನಡೆದೇ ಹೋದೆವು.

ಹೆರಿಗೆಯಾಗಿ ಮೂರೇ ದಿನ. ನಮ್ಮಲ್ಲಿ ಬಾಣಂತಿ ಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಕಿಟಕಿ ಮುಚ್ಚಿ, ಕಿವಿಗೆ ಅರಳೆ ಇಟ್ಟು ಮಲಗಿಸುತ್ತಾರೆ. ಇಲ್ಲಿ ಕಿಟಕಿ ತೆರೆದೇ ಇತ್ತು. ಸೂಲಗಿತ್ತಿಯರು ಬೆನ್ನು ಬಗ್ಗಿಸಬೇಕಾಗದಿರಲೆಂದು ಮಂಚದ ಕಾಲುಗಳ ಕೆಳಗೆ ಮರದ ದಿಮ್ಮಿ ಕೊಟ್ಟು ಎತ್ತರಿಸಿದ್ದರು. ಬಂದವರಿಗೆಲ್ಲ ಒಣ ರಸ್ಕಿನ ಮೇಲೆ ಬೆಣ್ಣೆ ಸವರಿ, ಸಕ್ಕರೆ ಹೊದಿಸಿದ ಕೆಂಪು ಬಿಳಿ ಸೋಂಪಿನ ಕಾಳು ಉದುರಿಸಿ ಕೊಟ್ಟರು. ಸೋಂಪು ತಿಂದರೆ ತಾಯಿಗೆ ಹಾಲು ಚೆನ್ನಾಗಿ ಬರುತ್ತದಂತೆ. ಕೊಟ್ಟೂರಿನಲ್ಲೂ ಬಾಣಂತಿಗೆ ಎಲೆ ಅಡಿಕೆಯ ಜೊತೆ ಕೊಡುವುದು ಇದೇ ಸೋಂಪು, ಹೇಳುವುದೂ ಇದೇ ಮಾತು. ಖುಷಿಯಿಂದ ಕಚ್ಚಿದೆ, ಕಾಳೆಲ್ಲ ಚೆಲ್ಲಿ ಕೂಸಿನ ಹಾಸಿಗೆಯವರೆಗೆ ಉರುಳಿದವು.

ಎಷ್ಟು ತಿಂಗಳಿಗೆ ಹೆರಿಗೆಯಾಯಿತು ಎಂದು ನಾನು ಕೇಳಿದೆ. ಆ ಹುಡುಗಿ ನೋಡಲು ನಮ್ಮ ಕಾಲೇಜಿನ ವಿದ್ಯಾರ್ಥಿನಿಯಂತಿದ್ದಳು. ಇಷ್ಟು ವಾರ, ಅದರ ಮೇಲೆ ಇಷ್ಟು ದಿನ ಎಂದು ಗಡಿಯಾರ ನೋಡಿ ಹೊತ್ತು ಹೇಳಿದಷ್ಟೇ ಸಲೀಸಾಗಿ ಹೇಳಿದಳು. ಅವಳಿಗೆ ಯಾರ ಹೆದರಿಕೆಯೂ ಇರಲಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

ಪೀಟರ್ ಹುಟ್ಟಿದ ದಿನ

ನನ್ನ ಸರದಿ ಇದ್ದದ್ದು ಬುಧವಾರ. ಮಂಗಳವಾರವೆಲ್ಲ ಒಂದೇ ಯೋಚನೆ. ಪ್ರಬಂಧ ಆಗಲೇ ಅಚ್ಚಿನ ಪಟ್ಟಿಯಲ್ಲಿತ್ತು. ಓದಿಬಿಟ್ಟರೆ ಚಪ್ಪಾಳೆ, ಊರಿಗೆ ಹೋದರೆ ಸನ್ಮಾನ. ಆದರೆ ಪರದೇಶದಲ್ಲಿ ಅಚ್ಚಾದ ಮಾತಿಗೆ ನಮ್ಮಲ್ಲಿ ಬೆಲೆ ಜಾಸ್ತಿ. ಏಳರ ಕೂಸನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ನಾಳೆ ಕೂಡ್ಲಿಗಿಯ ನರ್ಸುಗಳಿಗೆ ಹೇಳಿಕೊಟ್ಟರೆ, ನಿಜವಾಗಿ ಏಳಕ್ಕೇ ಹುಟ್ಟಿದ ಕೂಸು ಮೊರದಲ್ಲೇ ಸಾಯುತ್ತದೆ. ಒಂದು ಗಳಿಗೆ ಇದು ಸ್ಪಷ್ಟವಾಗಿ ಕಾಣುತ್ತಿತ್ತು. ಮರುಗಳಿಗೆ, ನಾಲ್ಕು ವರ್ಷದ ಕೆಲಸ, ಅಷ್ಟೇನೂ ತಪ್ಪಿರಲಾರದು ಎನ್ನಿಸುತ್ತಿತ್ತು.

ಬುಧವಾರ ಬೆಳಿಗ್ಗೆ ಪಾಯಖಾನೆಯ ಕ್ಯಾಲೆಂಡರಿನಲ್ಲಿ ಅಂದಿನ ತಾರೀಖಿನ ಮುಂದೆ ‘ಪೀಟರ್, 1945’ ಎಂದಿದ್ದು ಕಂಡಿತು. ಬಹುಶಃ ಗ್ರೀಟ್ ಅವರ ತಮ್ಮನ ಮಗನಿರಬೇಕು, ನನ್ನ ವಾರಿಗೆಯವನು. ಅವರ ಪದ್ಧತಿ ಕಲಿತ ಉತ್ಸಾಹದಲ್ಲಿ ಅಡುಗೆಮನೆಗೆ ಬಂದವಳೇ ಗ್ರೀಟ್ ಕೈ ಕುಲುಕಿ, “ಪೀಟರ್ ಹುಟ್ಟಿದ ದಿನದ ಅಭಿನಂದನೆ,” ಎಂದೆ.

ಅವರು ನನ್ನ ಕೈ ಬಿಡಲಿಲ್ಲ. ಹಾಗೇ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು.

“ನನ್ನ ಮಗ,” ಎಂದರು. “ಯುದ್ಧ ಮುಗಿಯುವ ಹೊತ್ತು. ಆ ಚಳಿಗಾಲವೆಲ್ಲ ತಿನ್ನಲು ಏನೂ ಇಲ್ಲದೆ ಟುಲಿಪ್ ಗಡ್ಡೆ ಬೇಯಿಸಿ ತಿಂದಿದ್ದೆವು. ದಿನ ತುಂಬುವ ಮೊದಲೇ ಹುಟ್ಟಿದ. ಒಂದು ದಿನ ಇದ್ದ.”

ರೂಢಿಬಲದಿಂದ ಡಾಕ್ಟರ ಪ್ರಶ್ನೆಯನ್ನೇ ಕೇಳಿಬಿಟ್ಟೆ. “ಎಷ್ಟು ತಿಂಗಳಿಗೆ?”

“ಎಂಟು. ನನ್ನ ಸಮಾಧಾನಕ್ಕೆ ಎಲ್ಲರೂ ಆರು ತಿಂಗಳಿರಬೇಕು ಅಂದರು. ಆರರ ಕೂಸಾದರೆ ಹೇಗೂ ಉಳಿಯುತ್ತಿರಲಿಲ್ಲ, ದುಃಖ ಪಡಬೇಡ ಅಂತ. ನಾನು ಎಂಟು ಅಂತಲೇ ಬರೆಸಿದೆ. ಉಳಿಯಬಹುದಾಗಿದ್ದ ಮಗು ಅದು. ಹಾಗೆ ಬರೆಸದಿದ್ದರೆ ಯಾಕೆ ಉಳಿಯಲಿಲ್ಲ ಅಂತ ಯಾರೂ ಕೇಳುತ್ತಿರಲಿಲ್ಲ.”

ಅಷ್ಟು ವರ್ಷ ಬೇರೆಯವರ ಹೆರಿಗೆ ಮಾಡಿಸಿದ ಆ ಹೆಂಗಸು ಎದ್ದು, ನನಗೆ ಕಾಫಿ ಸುರಿದು, ಬಿಸ್ಕತ್ತಿನ ಡಬ್ಬಿಯನ್ನು ನನ್ನ ಮುಂದಿಟ್ಟರು. ಅಂದು ಮುಚ್ಚಳ ಹಾಕಲಿಲ್ಲ.

ಸಭೆ

ನನಗೆ ಹತ್ತು ನಿಮಿಷ ಕೊಟ್ಟಿದ್ದರು. ಹಾಳೆಯನ್ನು ಗೋಡೆಗೆ ತೂಗಿಸಿದ ಮೇಲೆ ನಾನು ಆಡಿದ ಮೊದಲ ಮಾತು, ಈ ಚಿತ್ರ ತಪ್ಪು ಎಂಬುದು. ಯಾಕೆ ತಪ್ಪು ಎಂದು ವಿವರಿಸಿದೆ. ನಮ್ಮ ಜನ ಸುಳ್ಳುಗಾರರಲ್ಲ, ಎಂಟು ಎಂಬ ಮಾತಿಗೆ ಹೆದರುವವರು, ಅದನ್ನು ತಿಳಿದೂ ನಾನು ಸರಿಯಾಗಿ ಕೇಳಲಿಲ್ಲ ಎಂದೆ. ಮುಂದಿನ ಸಾಲಿನ ಒಬ್ಬ ತರುಣ ವೈದ್ಯ ಎದ್ದು, ಹಾಗಿದ್ದರೆ ಇಷ್ಟು ದೂರ ಯಾಕೆ ಬಂದಿರಿ ಎಂದು ಕೇಳಿದ. ಕೆಲವರು ನಕ್ಕರು.

“ಬರದಿದ್ದರೆ ನನಗೆ ಇದು ಗೊತ್ತಾಗುತ್ತಿರಲಿಲ್ಲ,” ಎಂದೆ.

ಅಚ್ಚಿನ ಪಟ್ಟಿಯಿಂದ ನನ್ನ ಪ್ರಬಂಧವನ್ನು ನಾನೇ ತೆಗೆಸಿದೆ. ಹೊರಗೆ ಬಂದು ಕಾಲುವೆಯ ದಂಡೆಯಲ್ಲಿ ಕೂತು, ಬಿಸಿಲಿನಲ್ಲಿ ಎಲ್ಲರೂ ಓಡಾಡುತ್ತಿರುವಾಗ, ಬಿಕ್ಕಿ ಬಿಕ್ಕಿ ಅತ್ತೆ. ನಾಚಿಕೆ, ಸಿಟ್ಟು ಎರಡೂ ಇದ್ದವು. ಚೀಲದಲ್ಲಿದ್ದ ಕೊನೆಯ ರೊಟ್ಟಿಯನ್ನು ಮುರಿದು ತಿಂದೆ. ಚೂರುಗಳನ್ನು ಹೆಕ್ಕಲು ಬಂದ ಬಾತುಕೋಳಿಗಳು ಕೂಡ ನೀರಿನಲ್ಲಿ ನೆನೆಸಿಕೊಂಡೇ ತಿಂದವು.

ಹೊರಡುವ ದಿನ ಗ್ರೀಟ್ ಒಂದು ಹೊಸ ಕ್ಯಾಲೆಂಡರು ಕೊಟ್ಟರು. ಹೆಸರಿನ ಜಾಗವೆಲ್ಲ ಖಾಲಿ.

ಹೊಸಹಳ್ಳಿ

ಊರಿಗೆ ಬಂದ ವಾರವೇ ನಿಂಗಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ.

“ನಿನಗ ಗೊತ್ತಿತ್ತೇನು ನಿಂಗಮ್ಮ?”

“ಗೊತ್ತಿಲ್ದ ಏನ್ರಿ ಅಮ್ಮಾರ. ಹೇಳಿದ್ನಲ್ರಿ. ನೀವು ನಕ್ಕೊಂತ ಜೀಪು ಹತ್ತಿದ್ರಿ.”

ತಲೆ ತಗ್ಗಿಸಿದೆ. ಈಗೇನು ಮಾಡೋಣ ಎಂದರೆ ಅವಳೇ ದಾರಿ ತೋರಿಸಿದಳು. “ಎಷ್ಟು ತಿಂಗಳು ಅಂತ ಕೇಳಬ್ಯಾಡ್ರಿ. ಕಡೀಕ ಹೊರಗಾಗಿದ್ದು ಯಾವ ಅಮಾಸಿ, ಯಾವ ಹುಣ್ಣಿವಿ ಆಜುಬಾಜು ಅಂತ ಕೇಳ್ರಿ. ಕೂಸು ಹುಟ್ಟಿದ್ದು ಯಾವ ಹಬ್ಬ ಅಂತ ಕೇಳ್ರಿ. ಅದನ್ನ ಯಾರೂ ಮುಚ್ಚಿಡಂಗಿಲ್ಲ. ಎಣಿಸೂದು ನಿಮ್ ಕೆಲಸ.”

ನಾಲ್ಕು ವರ್ಷದಲ್ಲಿ ನನಗೆ ಹೊಳೆಯದ ವಿದ್ಯೆ ಅದು. ನಿಂಗಮ್ಮನನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೊದಲಿನಿಂದ ಶುರು ಮಾಡಿದೆ. ಆದರೆ ಅದಕ್ಕೂ ಮೊದಲು ಒಂದು ಮನೆಯಲ್ಲಿ ಕೇಳುವುದಿತ್ತು.

ಮತ್ತೆ ಕೊಟ್ಟೂರು

ಅವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಅಣ್ಣನ ಮನೆ ಅದು. ನಾನು ಅಣ್ಣ ಎನ್ನುವುದು ಚಿಕ್ಕಪ್ಪನ ಮಗನಿಗೆ, ಅವ್ವನ ಹೊಟ್ಟೆಯಲ್ಲಿ ಹುಟ್ಟಿದವಳು ನಾನೊಬ್ಬಳೇ ಎಂದೇ ತಿಳಿದಿದ್ದೆ. ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ.

“ಅವ್ವಾ, ನಾ ಹೊಟ್ಟ್ಯಾಗ ನಿಂತಾಗ, ನೀ ಕಡೀಕ ಹೊರಗಾಗಿದ್ದು ಯಾವಾಗ?”

“ಇದೇನ ಕೇಳ್ತೀಯೇ... ದೀಪಾವಳಿ ಅಮಾಸಿಗೆ. ಎಲ್ಲಾರೂ ಹಬ್ಬ ಮಾಡಿದ್ರು, ನಾ ಒಬ್ಬಾಕೀನ ಹಿತ್ತಲದಾಗ ಕುಂತಿದ್ದೆ.”

“ನಾ ಹುಟ್ಟಿದ್ದು?”

“ಮಣ್ಣೆತ್ತಿನ ಅಮಾಸಿ. ನಿಮ್ಮಪ್ಪ ಕೈಯೆಲ್ಲ ಮಣ್ಣು ಮಾಡ್ಕೊಂಡು ಎತ್ತಿಗೆ ಕೋಡು ಹಚ್ಚಾಕತ್ತಿದ್ದ.”

ನಾನು ಬೆರಳು ಮಡಚುತ್ತ ಅಮಾವಾಸ್ಯೆಗಳನ್ನು ಎಣಿಸಿದೆ. ಅವ್ವ ನನ್ನ ಬೆರಳನ್ನೇ ನೋಡುತ್ತಿದ್ದಳು. ಏಳು ದಾಟಿ ಎಂಟನೇ ಬೆರಳು ಮಡಚಹೋದಾಗ ಆ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಸಾಕು ಬಿಡು.”

“ಎಂಟು ಅಲ್ಲನವ್ವ?”

ಅವ್ವ ಬೆರಳು ಬಿಟ್ಟು ಮತ್ತೆ ಶೇಂಗಾ ಸುಲಿಯತೊಡಗಿದಳು. ಆಮೇಲೆ ತಲೆ ಎತ್ತದೆ ಹೇಳಿದಳು. “ನಿನಕಿಂತ ಮೊದ್ಲ ಒಂದು ಗಂಡು ಹುಟ್ಟಿತ್ತು. ಎಂಟರಾಗ. ಖರೇ ಹೇಳಿದೆ ನಾನು, ಎಂಟು ಅಂತ. ನಿಮ್ಮಜ್ಜಿ ಉಳಿಯಂಗಿಲ್ಲ ಬಿಡು ಅಂದ್ಲು. ಅರಳಿ ತರಲಿಲ್ಲ, ಹಾಲು ಹಿಂಡಲಿಲ್ಲ, ಮೂಲ್ಯಾಗ ಇಟ್ರು. ಅಳಾಕತ್ತಿತ್ತು ಅದು. ನನಗಿನ್ನೂ ಹದಿನಾರು, ನನಗೇನು ತಿಳಿತಿತ್ತು? ನೀ ಹುಟ್ಟಿದಾಗ ಎಷ್ಟರಾಗ ಅಂತ ಮತ್ತ ಕೇಳಿದ್ರು. ಏಳು ಅಂದೆ. ಎಲ್ಲಾರೂ ಓಡಾಡಿದ್ರು ನೋಡು, ನಿಮ್ಮಜ್ಜಿ ಮೂರು ತಿಂಗಳು ನಿನ್ನ ಎದಿ ಬಿಟ್ಟು ಇಳಿಸಲಿಲ್ಲ.”

ನನ್ನ ಪ್ರಬಂಧ ಕೆಡಿಸಿದ ಸುಳ್ಳೇ ನನ್ನನ್ನು ಬದುಕಿಸಿತ್ತು. ಅವಳ ಮಡಿಲಿನಲ್ಲಿ ಮುಖವಿಟ್ಟುಬಿಟ್ಟೆ. ಶೇಂಗಾ ಸಿಪ್ಪೆಯೆಲ್ಲ ಕೂದಲಿಗೆ ಅಂಟಿತು.

ಸಾವರಿಸಿಕೊಂಡು ಎದ್ದ ಮೇಲೆ ಗ್ರೀಟ್ ಕೊಟ್ಟ ಕ್ಯಾಲೆಂಡರು ತಂದೆ. ಅವರ ಕಥೆ ಹೇಳಿದೆ, ಅದನ್ನು ಅವರು ಎಲ್ಲಿ ತೂಗುಹಾಕುತ್ತಾರೆ ಎಂಬುದನ್ನು ಬಿಟ್ಟು. ಜೂನ್ ತಿಂಗಳ ಕೊನೆಯಲ್ಲಿ ‘ಮಣ್ಣೆತ್ತಿನ ಅಮಾವಾಸ್ಯೆ, ಸರೋಜ, ಎಂಟು ತಿಂಗಳು’ ಎಂದು ನನ್ನ ಹೆಸರು ಬರೆದೆ. ಓದಲು ಬಾರದ ಅವ್ವ ಏನು ಬರೆದೆ ಎಂದು ಕೇಳಿದಳು. ಹೇಳಿದೆ.

“ಬರಿ. ಆದ್ರ ಗಟ್ಟಿ ಅನಬ್ಯಾಡ,” ಎಂದಳು. ನನಗಾಗ ಮೂವತ್ತೆಂಟು ದಾಟಿತ್ತು.

ಕ್ಯಾಲೆಂಡರನ್ನು ಅಡುಗೆಮನೆಯ ಕಂಬಕ್ಕೆ ತೂಗುಹಾಕಿ ಹೊರಬಂದೆ. ಅವ್ವ ಸುಲಿಯುವುದನ್ನು ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಿದ್ದಳು.

“ಹೋಳಿ ಹುಣ್ಣಿವಿ ಮರುದಿನ,” ಎಂದಳು. “ಅವಂದೂ ಬರಿ.”

“ಹೆಸರೇನಿಟ್ಟಿದ್ರವ್ವ?”

“ಇಡಲಿಲ್ಲ.”

ಒಳಗೆ ಹೋಗಿ ಮಾರ್ಚಿನ ಪುಟ ತಿರುವಿ, ಹೆಸರಿನ ಜಾಗದಲ್ಲಿ ‘ಅಣ್ಣ’ ಎಂದು ಬರೆದೆ.